ಹಳದಿ ಗುಂಡಿ

"ಬಾಗಿಲು ಹಾಕ್ರೀ!"

ಹಾಕುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕತ್ತಲೆ ಕೋಣೆಯೊಳಗೆ ಬೆಳಕು ನುಗ್ಗಿ, ಪುಟ್ಟಿ ಆಗಷ್ಟೇ ಡಬ್ಬಿಯಿಂದ ಬಿಚ್ಚಿದ್ದ ರೀಲು ಅವಳ ಕೈಯಲ್ಲೇ ಹಾಳಾಯಿತು. ಮೂವತ್ತಾರು ಫೋಟೋ!

"ಹೊರಗೆ ಕೆಂಪು ದೀಪ ಉರೀತಿದೆಯಲ್ಲ, ಕಣ್ಣಿಲ್ವಾ ನಿಮಗೆ?"

"ಕಣ್ಣಿದೆ... ಕನ್ನಡಕದಂಗಡೀನೂ ಇದೆ," ಎಂದ ಆತ ಪೆಚ್ಚಾಗಿ. "ಕೈ ತೊಳೆಯೋ ಜಾಗ ಅಂದ್ಕೊಂಡೆ."

"ಪಾಪ, ಯಾರದ್ದೋ ರೀಲು! ಅವರಿಗೆ ನಾನೇನು ಉತ್ತರ ಕೊಡ್ಲಿ?" ಪುಟ್ಟಿ ಡಬ್ಬಿಗೆ ಅಂಟಿಸಿದ್ದ ಚೀಟಿ ಓದಿದಳು. 'ಎದುರು ಸಾಲು, ಕನ್ನಡಕದಂಗಡಿ.'

"ಅದು ನಂದೇ," ಎಂದ ಆತ ಇನ್ನಷ್ಟು ಪೆಚ್ಚಾಗಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಪುಟ್ಟಿ. ನಕ್ಕಿದ್ದೇ ತಪ್ಪಾಯಿತು ನೋಡಿ! ಆ ನಗು ಅವಳನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಸ್ಟುಡಿಯೋ ಅವಳ ಸೋದರಮಾವನದು. ಮಾವ ಕ್ಯಾಮೆರಾ ಹೊತ್ತು ಹೊರಗೆ ಓಡಾಡುವವರು, ಪುಟ್ಟಿ ಒಳಗೆ ಕೂತು ಪ್ರಿಂಟ್ ಹಾಕುವವಳು. ಯಂತ್ರದ ಮೇಲೆ ಬಣ್ಣಕ್ಕೊಂದರಂತೆ ಗುಂಡಿಗಳು. ಒಂದೊಂದು ಫೋಟೋ ನೋಡಿ, ಬಣ್ಣ ಹೆಚ್ಚೋ ಕಡಿಮೆಯೋ ಅಂದಾಜು ಮಾಡಿ, ಗುಂಡಿ ಒತ್ತಿ ಸರಿಪಡಿಸಬೇಕು.

"ಈ ಗುಂಡಿ ನಿನ್ನ ಕೈಲಿದೆ ಅಂದ್ರೆ ಊರಿನವರ ಮುಖ ನಿನ್ನ ಕೈಲಿದೆ ಅಂತ ತಿಳ್ಕೋ ಪುಟ್ಟಿ," ಎಂದು ಮಾವ ಮೊದಲ ದಿನವೇ ಹೇಳಿದ್ದರು.

ಕನ್ನಡಕದಂಗಡಿಯವನಿಗೆ ಭಾನುವಾರ ಬಂದರೆ ಕಾಲು ನಿಲ್ಲುತ್ತಿರಲಿಲ್ಲ. ಕೆರೆ ದಂಡೆ, ರೈಲು ಸೇತುವೆ, ಸಂತೆ ಬೀದಿ... ಸೋಮವಾರ ಬೆಳಿಗ್ಗೆ ರೀಲು ಅವಳ ಮೇಜಿನ ಮೇಲೆ. ಗಿರಾಕಿ ಇಲ್ಲದೆ ತನ್ನದೇ ಕುರ್ಚಿಯಲ್ಲಿ ಕೂತು ಆಕಳಿಸುವ ಕ್ಷೌರಿಕ. ಬಸ್ಸು ತಪ್ಪಿಸಿಕೊಂಡು, ತಪ್ಪೆಲ್ಲ ಬಸ್ಸಿನದೇ ಎಂಬಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ ಅಜ್ಜಿ. ದಿನಾ ನೋಡುವ ಜನವೇ, ಆದರೂ ಅವನ ಫೋಟೋದಲ್ಲಿ ಅವರ ಮೇಲೆ ಅಕ್ಕರೆ ಉಕ್ಕುತ್ತಿತ್ತು.

'ಇಷ್ಟು ಪ್ರೀತಿಯಿಂದ ನೋಡೋ ಕಣ್ಣು, ನನ್ನನ್ನೂ ಒಂದ್ಸಲ ಹಾಗೆ ನೋಡಬಾರದಾ...' ಪುಟ್ಟಿಗೆ ಸೋಮವಾರ ಎಂದರೆ ಎದೆ ಡವಡವ.

ಹೀಗಿರುವಾಗ ಒಂದು ಸೋಮವಾರ ಬಂದಳು, ಟೈಪಿಂಗ್ ಟೀಚರ್!

ಅಂಗಡಿಗಲ್ಲ, ರೀಲಿನೊಳಗೆ. ಕನ್ನಡಕದಂಗಡಿಯ ಮಾಳಿಗೆಯಲ್ಲಿ ಟೈಪಿಂಗ್ ಕಲಿಸುವವಳು. ಸೇತುವೆಯ ಮೇಲೆ ಗಾಳಿಗೆ ಕೂದಲು ಹಾರಿಸಿಕೊಂಡು ನಗುತ್ತಿದ್ದಳು. ಆ ವಾರ ಏಳು ಫೋಟೋ. ಮರುವಾರ ಹನ್ನೊಂದು!

"ಚೆನ್ನಾಗಿ ಬಂದಿದೆಯಾ?" ಎಂದು ಆತ ಆಸೆಯಿಂದ ಕೇಳಿದ.

"ಯಾರು?"

"ಯಾರು ಅಲ್ಲ... ಫೋಟೋ."

"ಹೂಂ," ಎಂದಳು ಪುಟ್ಟಿ. 'ಹನ್ನೊಂದು ಸಲ ನೋಡಿದಾನೆ ಅವಳನ್ನ. ದಿನಾ ಎದುರಿಗೇ ಇರೋ ನಾನು ಗೋಡೆಯಾ, ಮೇಜಾ?'

ಮೂರನೆಯ ವಾರ ಮತ್ತೆ ಅದೇ ನಗು. ಪುಟ್ಟಿಯ ಬೆರಳು ಹಳದಿ ಗುಂಡಿಯ ಮೇಲೆ ಹೋಯಿತು. ಒಂದು ಸಲ ಒತ್ತಿದಳು. ಯಾರೂ ನೋಡಲಿಲ್ಲ. ಇನ್ನೊಂದು ಸಲ... ಪ್ರಿಂಟು ಹೊರಬಿತ್ತು. ಟೀಚರಮ್ಮ ಕಾಯಿಲೆ ಬಿದ್ದು ಎದ್ದವಳ ಹಾಗೆ ಕಾಣುತ್ತಿದ್ದಳು. ಪುಟ್ಟಿಗೆ ಎಷ್ಟು ತಂಪಾಯಿತೆಂದರೆ, ಟೀಚರ್ ಇದ್ದ ಫೋಟೋಗಳಿಗೆಲ್ಲ ಅದೇ ಪೂಜೆ ನಡೆಯಿತು. ಕ್ಷೌರಿಕ, ಅಜ್ಜಿ ಎಲ್ಲ ಲಕಲಕ, ಟೀಚರ್ ಒಬ್ಬಳೇ ಹಳದಿ!

"ಟೀಚರ್ ಮುಖ ಯಾಕೋ ಒಂಥರಾ ಇದೆಯಲ್ಲ?" ಎಂದ ಆತ.

"ಮುಖ ಹೇಗಿದ್ಯೋ ಹಾಗೇ ಬರತ್ತೆ."

"ನೀವು ಹೇಳಿದ್ಮೇಲೆ ಮುಗೀತು ಬಿಡಿ," ಎಂದು ಆತ ತಲೆಯಾಡಿಸಿದ. ಆ ನಂಬಿಕೆ ಪುಟ್ಟಿಯನ್ನು ಒಂದು ಕ್ಷಣ ಚುಚ್ಚಿತು. ಒಂದೇ ಕ್ಷಣ. ಮುಂದಿನ ವಾರ ಗುಂಡಿ ಮೂರು ಸಲ ಒತ್ತಿದಳು.

ಆದರೆ ಅವಳು ಎಣಿಸಿದ್ದೇ ಒಂದು, ಆಗಿದ್ದೇ ಇನ್ನೊಂದು. ಆತ ಟೀಚರಿಂದ ದೂರ ಸರಿಯುವ ಬದಲು ಅಂಗಡಿ ಮುಚ್ಚಿ, ಕಾಮಾಲೆಯೇನೋ ಎಂದು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ! ಹಣ್ಣಿನ ಚೀಲ ಹಿಡಿದು ಮಾಳಿಗೆ ಹತ್ತಿದ. ಇಬ್ಬರೂ ಒಂದೇ ಕೊಡೆಯಡಿ ಬೀದಿ ದಾಟುವುದನ್ನು ಪುಟ್ಟಿ ಗಾಜಿನ ಹಿಂದೆ ನಿಂತು ನೋಡಿದಳು. ಅತ್ತರೂ ಯಾರಿಗೂ ಹೇಳುವಂತಿಲ್ಲ. ಅವರಿಬ್ಬರನ್ನು ಹತ್ತಿರ ತಂದವಳು ತಾನೇ ಅಲ್ಲವೇ?

ಒಂದು ಸಂಜೆ ಟೀಚರ್ ನಿಜವಾಗಿಯೂ ಅಂಗಡಿಗೆ ಬಂದಳು. ಕಣ್ಣು ಅತ್ತು ಊದಿಕೊಂಡಿತ್ತು.

"ನೀನು ದಿನಾ ಮುಖಗಳನ್ನೇ ನೋಡೋಳು. ನಿಜ ಹೇಳಮ್ಮ, ನಾನು ಎಷ್ಟು ದಿನದಿಂದ ಹೀಗಾಗಿದೀನಿ?"

ಪುಟ್ಟಿ ಮೇಜಿನ ಮೇಲಿದ್ದ ಪ್ರಿಂಟುಗಳನ್ನು ಮಗುಚಿಟ್ಟಳು. "ಡಾಕ್ಟರ್ ಏನಂದ್ರು?"

"ಏನೂ ಇಲ್ಲ ಅಂತಾರೆ. ಕನ್ನಡೀನೂ ಹಾಗೇ ಹೇಳತ್ತೆ, ಆದ್ರೆ ಫೋಟೋ ಸುಳ್ಳು ಹೇಳತ್ತಾ? ಅವರಿಗೇ ಗೊತ್ತಾಗದ ಕಾಯಿಲೆ ಇರಬೇಕು. ನಾಳೆ ಬೆಳಗಿನ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೋಗ್ತಿದೀನಿ. ಮದುವೆ ಬೇಡ ಅಂತ ಅವರಿಗೂ ಕಾಗದ ಬರೆದಿಟ್ಟಿದೀನಿ, ಅಲ್ಲೇ ಅಂಚೆ ಡಬ್ಬಿಗೆ ಹಾಕಿಬಿಡ್ತೀನಿ."

"ಯಾರಿಗೆ?" ಎಂದಳು ಪುಟ್ಟಿ.

"ನಾನು ಮದುವೆ ಆಗೋರಿಗೆ. ಹಡಗಲ್ಲಿ ಅಡುಗೆಯವರು, ಬರೋದು ವರ್ಷಕ್ಕೊಂದ್ಸಲ. ನಿನ್ನ ಮುಖ ಮರೆತುಹೋಗೋ ಹಾಗಿದೆ, ಫೋಟೋ ಕಳಿಸು ಅಂದಿದ್ರು. ಅದಕ್ಕೇ ಕನ್ನಡಕದಂಗಡಿ ಅಣ್ಣನ್ನ ಕಾಡಿ ಬೇಡಿ ತೆಗೆಸ್ಕೊತಿದ್ದೆ. ಈಗ ಈ ಮುಖ ಹೇಗೆ ಕಳಿಸ್ಲಿ ಹೇಳು?"

ಅಣ್ಣ! ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ನಿಜ ಹೇಳಬೇಕು ಎಂದು ಬಾಯಿ ತೆರೆದವಳು, 'ಹುಷಾರಾಗಿ ಹೋಗಿ ಬನ್ನಿ' ಎಂದುಬಿಟ್ಟಳು. ಟೀಚರ್ ಕಣ್ಣೊರೆಸಿಕೊಂಡು ಹೊರಟುಹೋದಳು. ಸುಮ್ಮನಿದ್ದುಬಿಟ್ಟರೆ? ದೊಡ್ಡಾಸ್ಪತ್ರೆಯವರೂ ಏನಿಲ್ಲ ಅಂತಾರೆ, ಯಾರಿಗೂ ತಿಳಿಯೋದಿಲ್ಲ... ಆದರೆ ಆ ಕಾಗದ? ಅದು ಹಡಗು ಮುಟ್ಟಿದರೆ ಒಂದು ಮದುವೆಯೇ ಮುರಿದುಬೀಳುತ್ತದೆ. ಹೇಳಿದರೆ ಮುರಿಯುವುದು ತನ್ನ ಆಸೆ. ಆತ ಇನ್ನು ಜನ್ಮದಲ್ಲಿ ಈ ಮೆಟ್ಟಿಲು ಹತ್ತುವುದಿಲ್ಲ.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಓಡಿದಾಗ ಪುಟ್ಟಿಯ ಕೈಯಲ್ಲಿ ಹೊಸದಾಗಿ ಹಾಕಿದ ಇಪ್ಪತ್ತು ಪ್ರಿಂಟುಗಳಿದ್ದವು. ಟೀಚರ್ ಬಸ್ಸಿನ ಬಾಗಿಲಲ್ಲಿದ್ದಳು. ಅವಳ ಚೀಲ ಹಿಡಿದು ಆತ ಕೆಳಗೆ ನಿಂತಿದ್ದ.

"ಇಳೀರಿ ಟೀಚರ್! ನಿಮಗೇನೂ ಆಗಿಲ್ಲ... ಆಗಿರೋದು ನನಗೆ!"

ಫೋಟೋಗಳನ್ನು ಅವಳ ಕೈಗೆ ತುರುಕಿದಳು. ಸೇತುವೆ, ಗಾಳಿ, ಹಳದಿಯಿಲ್ಲದ ನಗುಮುಖ. "ಹಳದಿ ಗುಂಡಿ ಒತ್ತಿದ್ದು ನಾನು. ಬೇಕಂತಲೇ ಒತ್ತಿದೆ. ಹೊಟ್ಟೆಕಿಚ್ಚಿಗೆ."

"ನನ್ನ ಮೇಲೆ ಹೊಟ್ಟೆಕಿಚ್ಚಾ? ಯಾಕಮ್ಮ?"

ಪುಟ್ಟಿಯ ಕಣ್ಣು ಚೀಲ ಹಿಡಿದವನ ಕಡೆ ಹೋಗಿ, ಸುಟ್ಟುಕೊಂಡಂತೆ ವಾಪಸು ಬಂತು. ಟೀಚರಿಗೆ ಅಷ್ಟು ಸಾಕಾಗಿತ್ತು.

"ಪರೀಕ್ಷೆಗೆ ಅಂತ ಮೂರು ಸಲ ರಕ್ತ ಕೊಟ್ಟಿದೀನಿ ಕಣೇ ರಾಕ್ಷಸಿ!" ಎಂದು ಕಿರುಚಿ, ಬ್ಯಾಗಿನಿಂದ ಕಾಗದ ತೆಗೆದು ಚೂರುಚೂರು ಮಾಡಿದಳು. "ನಿನ್ನನ್ನ ಬೈಯೋದು ಬಾಕಿ ಇದೆ. ಮೊದಲು ಅತ್ತು ಮುಗಿಸ್ತೀನಿ," ಎಂದು ಅಲ್ಲೇ ಬೆಂಚಿನ ಮೇಲೆ ಕೂತು ಸಮಾಧಾನವಾಗಿ ಅತ್ತಳು.

ಆತ ನಗಲಿಲ್ಲ.

"ಮುಖ ಹೇಗಿದ್ಯೋ ಹಾಗೇ ಬರತ್ತೆ ಅಂದ್ರಿ. ನಾನು ನಂಬಿದೆ." ಅಷ್ಟೇ ಹೇಳಿ, ಚೀಲ ಕೆಳಗಿಟ್ಟು ನಡೆದುಬಿಟ್ಟ.

ಪುಟ್ಟಿ ಮಾವನಿಗೂ ಎಲ್ಲ ಹೇಳಿಬಿಟ್ಟಳು. ಮಾವ ಬೈಯಲಿಲ್ಲ. "ಹದಿನೈದು ದಿನ ಯಂತ್ರ ಮುಟ್ಬೇಡ," ಎಂದರು. ಬೈದಿದ್ದರೇ ಚೆನ್ನಾಗಿತ್ತು. ಪುಟ್ಟಿ ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋದವರ ಗಲ್ಲ ಎತ್ತಿ, ಕಾಲರ್ ಸರಿಮಾಡುತ್ತಾ ದಿನ ದೂಡಿದಳು. ಎರಡು ಸೋಮವಾರ ಬಂದು ಹೋದವು, ರೀಲು ಬರಲಿಲ್ಲ.

ಮೂರನೆಯ ಸೋಮವಾರ ಅವನೇ ಬಂದ. ರೀಲು ಮೇಜಿನ ಮೇಲಿಟ್ಟ.

"ಬೇರೆ ಕಡೆ ಕೊಡಿ," ಎಂದಳು ಪುಟ್ಟಿ ತಲೆಯೆತ್ತದೆ. "ನನ್ನನ್ನ ನಂಬಬೇಡಿ."

"ನಂಬಬಾರದು ಅಂತಲೇ ಹದಿನೈದು ದಿನ ಎದುರಂಗಡೀಲಿ ಕೂತಿದ್ದೆ. ಏನು ನೋಡಿದೆ ಗೊತ್ತಾ? ನೀವು ಕಂಡಕಂಡವರ ಗಲ್ಲ ಹಿಡಿದು 'ಸ್ವಲ್ಪ ಮೇಲೆ, ಸ್ವಲ್ಪ ಮೇಲೆ' ಅನ್ನೋದು! ಆ ಬ್ಯಾಂಕ್ ಕ್ಯಾಷಿಯರ್ ನಾಲ್ಕು ಸಲ ಬಂದ. ಒಬ್ಬ ಮನುಷ್ಯನಿಗೆ ಎಷ್ಟು ಪಾಸ್‌ಪೋರ್ಟ್ ಫೋಟೋ ಬೇಕ್ರೀ?"

ಪುಟ್ಟಿ ತಲೆಯೆತ್ತಿದಳು. ಅವನ ಕಿವಿ ಕೆಂಪಾಗಿತ್ತು.

"ಒಳಗೊಳಗೇ ಉರಿದುಹೋದೆ. ಆಗ ನಿಮ್ಮ ಗುಂಡಿಯ ಕಥೆ ಅರ್ಥ ಆಯ್ತು. ಪ್ರತಿ ವಾರ ಮೂವತ್ತಾರು ಫೋಟೋ ಮುಗಿಸೋಕೆ ನಾನು ಪಡೋ ಪಾಡೆಲ್ಲ ಸೋಮವಾರ ಇಲ್ಲಿಗೆ ಬರೋಕೊಂದು ನೆಪ ಬೇಕು ಅಂತ. ಟೀಚರ್ ಸಿಕ್ಕಿದ್ದೇ ಅದೃಷ್ಟ, ರೀಲು ಬೇಗ ಖಾಲಿ ಆಗ್ತಿತ್ತು. ನೀವೆಂದ್ರೆ ನಂಗೆ ಇಷ್ಟ. ಬಾಗಿಲು ತೆಗೆದು ಬೈಸ್ಕೊಂಡ ದಿನದಿಂದ."

ಪುಟ್ಟಿಯ ಕಣ್ಣು ತುಂಬಿಬಂತು. "ನಂಗೂ..." ಎಂದಳು.

"ಇನ್ನೊಂದು ವಿಷಯ ಇದೆ." ಆತ ದನಿ ತಗ್ಗಿಸಿದ. "ಆ ಕ್ಯಾಷಿಯರ್ ನಮ್ಮಂಗಡಿಗೂ ಬಂದಿದ್ದ, ಹೊಸ ಕನ್ನಡಕಕ್ಕೆ. ಇರೋದ್ರಲ್ಲೇ ಅತೀ ಕೆಟ್ಟ ಫ್ರೇಮ್ ತೆಗೆದು, 'ಇದು ನಿಮಗಂತಲೇ ಮಾಡ್ದಂಗಿದೆ ಸಾರ್' ಅಂದೆ."

"ಅಯ್ಯೋ! ತಗೊಂಡ್ರಾ?"

"ಖುಷಿಯಾಗಿ ತಗೊಂಡ. ಗೂಬೆ ಥರ ಕಾಣ್ತಾನೆ."

ಅಳುತ್ತಿದ್ದ ಪುಟ್ಟಿ ನಕ್ಕುಬಿಟ್ಟಳು. ಆಮೇಲೆ ಮುಖ ಒರೆಸಿಕೊಂಡು, "ನಾಳೆ ಬ್ಯಾಂಕಿಗೆ ಹೋಗಿ ನಿಜ ಹೇಳಿ ಬನ್ನಿ," ಎಂದಳು.

"ಒಬ್ಬನೇ ಹೋಗೋಕೆ ಭಯ."

"ನಾನು ಬರ್ತೀನಿ ಜೊತೆಗೆ."

"ಬೈತಾನೆ."

"ಬೈಯಲಿ. ಇಬ್ಬರೂ ಬೈಸ್ಕೊಳ್ಳೋಣ."