ಬೇಳೆಚುಕ್ಕಿ ಮತ್ತು ಹೆಸರಿಲ್ಲದ ಮಕ್ಕಳು

ಬಹಳ ಬಹಳ ಹಿಂದೆ, ಭೂಮಿಯ ತೆಂಕಣ ತುದಿಯಲ್ಲಿ ಸೊಗದಾಳು ಎಂಬ ರಾಜ್ಯವಿತ್ತು. ಅಲ್ಲಿನ ದಕ್ಷಿಣದ ಆಕಾಶದಲ್ಲಿ ಮಸೂರದ ಕಾಳಿನಂತೆ ನಡುವೆ ಉಬ್ಬಿ, ಅಂಚಿನಲ್ಲಿ ತೆಳ್ಳಗಾದ ಒಂದು ಬೆಳಕಿನ ಊರಿತ್ತು. ಸಾವಿರಾರು ಚುಕ್ಕಿಗಳ ಆ ಊರನ್ನು ಜನ ಬೇಳೆಚುಕ್ಕಿ ಎನ್ನುತ್ತಿದ್ದರು. ನೆಲದ ಮೇಲೆ ಕೂಸು ಹುಟ್ಟಿದರೆ ಅಲ್ಲಿನ ಮಂಜಿನಿಂದ ಒಂದು ಹೊಸ ಚುಕ್ಕಿ ಹುಟ್ಟುತ್ತಿತ್ತು. ಸೂಲಗಿತ್ತಿ ಅದನ್ನು ಬೊಟ್ಟುಮಾಡಿ ತೋರಿಸಿದ ಮೇಲೆಯೇ ಕೂಸಿಗೆ ಹೆಸರಿಡುವುದು.

ಹೀಗಿರುವಾಗ ಧೂಮಜಿಹ್ವನೆಂಬ ಮಾಂತ್ರಿಕ ಬಂದು ಆ ಮಂಜನ್ನೆಲ್ಲ ನೆಕ್ಕಿಬಿಟ್ಟ. ಹೊಸ ಚುಕ್ಕಿ ಹುಟ್ಟುವುದು ನಿಂತಿತು, ಹುಟ್ಟಿದ ಕೂಸುಗಳು ಹೆಸರಿಲ್ಲದೆ ಉಳಿದವು. ರಾಜ ಏನು ಮಾಡಬೇಕಿತ್ತು? ಕತ್ತಿ ಹಿಡಿಯಬೇಕಿತ್ತು. ಆ ಪುಣ್ಯಾತ್ಮ ಕೈಮುಗಿದು, "ನನ್ನ ಮಗನಿಗೊಂದು ಚುಕ್ಕಿ ಉಳಿಸು. ಹೆಸರಿಲ್ಲದ ಮಕ್ಕಳನ್ನು ವರ್ಷ ತುಂಬಿದೊಡನೆ ನೀನೇ ಒಯ್ಯು" ಎಂದ. ನಾಚಿಕೆಗೆಟ್ಟವನು! ಹತ್ತು ವರ್ಷ ಹಾಗೆಯೇ ನಡೆಯಿತು.

ಸೂಲಗಿತ್ತಿ ಹೊನ್ನವ್ವನ ಮೊಮ್ಮಗಳಿಗೆ ವರ್ಷ ತುಂಬಲು ಮೂರೇ ದಿನ ಉಳಿದಿತ್ತು. ಹೊನ್ನವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮಾಂತ್ರಿಕನ ಬೆಟ್ಟ ಹತ್ತಿದಳು.

ಮೊದಲ ಬಾಗಿಲಲ್ಲಿ ಕಲ್ಲಿನ ನಾಯಿ ಗುಡುಗಿತು: "ನಿಲ್ಲು, ಸಿಗಿದುಬಿಡುತ್ತೇನೆ!"

ಅದರ ಕಿವಿಯ ಹಿಂದಿನ ಮಚ್ಚೆ ಹೊನ್ನವ್ವನ ಕಣ್ಣಿಗೆ ಬಿತ್ತು. ತಾನೇ ಹೆರಿಗೆ ಮಾಡಿಸಿದ ಕೂಸು, ಈಗ ಮಾಂತ್ರಿಕನ ಕಲ್ಲುನಾಯಿ! ಸಿಟ್ಟು ನೆತ್ತಿಗೇರಿತು. "ಯಾರ ಮುಂದೆ ಹಲ್ಲು ಕಡೀತೀಯೋ? ಕುಂಬಾರರ ಮನೆ ಕೂಸಲ್ವೇನೋ ನೀನು? ಥೇಟ್ ನಿನ್ನ ತಾತನ ಗಂಟಲು! ಸುಮ್ಮನಿರೋ ಬೊಮ್ಮಣ್ಣ!"

ಸಿಟ್ಟಿನ ಭರದಲ್ಲಿ ತಾತನ ಹೆಸರು ಹಿಡಿದು ಕರೆದಿದ್ದಳು. ಕಲ್ಲು ಕಳಚಿ ಬಿತ್ತು. ಹತ್ತು ವರ್ಷದ ಹುಡುಗನೊಬ್ಬ ಅಳುತ್ತ ನಿಂತಿದ್ದ.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು. ಏಳೂ ಹೆಡೆಗಳಲ್ಲಿ ನೇಕಾರರ ಮನೆಯ ಮೆಳ್ಳೆಗಣ್ಣು. "ಇಳಿಯೇ ಕೆಳಗೆ, ಸಾತವ್ವ!" ಎಂದು ಅಜ್ಜಿಯ ಹೆಸರು ಹಿಡಿದು ಗದರಿದಳು. ಹಾವು ಹುಡುಗಿಯಾಯಿತು. ಮೂರನೆಯ ಬಾಗಿಲಲ್ಲಿ ಬೆಂಕಿಯುಗುಳುವ ಹದ್ದು. ಎಡಗಾಲಿಗೆ ಒಂದು ಬೆರಳು ಹೆಚ್ಚು, ಅಂಬಿಗರ ಮನೆಯದೇ. "ಸಾಕು ಮಾಡೋ, ಕಾಳಣ್ಣ!" ಹದ್ದೂ ಹುಡುಗನಾಯಿತು.

ಧೂಮಜಿಹ್ವ ಹೊರಗೆ ಬಂದು ಕಿರುಚಿದ. "ಚುಕ್ಕಿಯಿಲ್ಲದೆ ಹೆಸರೆಲ್ಲಿಂದ ಬಂತೇ ಮುದುಕಿ?"

"ಕಣ್ಣು ಬಿಟ್ಟು ನೋಡೋ! ಬೊಮ್ಮಣ್ಣ ಸತ್ತು ಇಪ್ಪತ್ತು ವರ್ಷ ಆಯ್ತು. ಅವನ ಚುಕ್ಕಿ ಇನ್ನೂ ಅಲ್ಲೇ ಉರೀತಾ ಇದೆ. ತಾತನ ಚುಕ್ಕಿ ಮೊಮ್ಮಗನಿಗೆ ಸಾಲದೇನೋ?"

ಒಳಗಿದ್ದ ಉಳಿದ ಮೃಗಗಳನ್ನೂ ಅವರವರ ಹಿರಿಯರ ಹೆಸರು ಹಿಡಿದು ಒಂದೊಂದಾಗಿ ಕೂಗಿದಳು. ಮಾಂತ್ರಿಕನ ಮಾಯೆ ನಡೆಯುತ್ತಿದ್ದುದು ಹೆಸರಿಲ್ಲದವರ ಮೇಲೆ ಮಾತ್ರ. ಅಲ್ಲಿ ಸೆರೆಯಿದ್ದ ಕೊನೆಯ ಮಗುವಿಗೂ ಹೆಸರು ಬಂದಾಗ ಬಲವೆಲ್ಲ ಕಳೆದು ಅವನು ಒಲೆಯ ಹೊಗೆಯಂತೆ ಚದುರಿಹೋದ.

ಮಕ್ಕಳನ್ನು ಕರೆದುಕೊಂಡು ಬಂದವಳಿಗೆ ರಾಜ ಶಾಲು ಹೊದಿಸಲು ಬಂದ. ಹೊನ್ನವ್ವ ಶಾಲು ಕಿತ್ತೆಸೆದಳು. "ಹೊಸ ಚುಕ್ಕಿಗೇ ಕಾದು ಕೂತೆವಲ್ಲ, ಅದು ನಮ್ಮ ತಪ್ಪು. ನೀನು ಮಾಡಿದ್ದು ತಪ್ಪಲ್ಲ, ದ್ರೋಹ!" ಜನ ಅಂದೇ ಅವನನ್ನು ಸಿಂಹಾಸನದಿಂದ ಇಳಿಸಿದರು.

ಮಾಂತ್ರಿಕ ನೆಕ್ಕಿದ ಮಂಜು ಮರಳಲಿಲ್ಲ. ಬೇಳೆಚುಕ್ಕಿಯಲ್ಲಿ ಇಂದಿಗೂ ಹಳೆಯ ಚುಕ್ಕಿಗಳೇ ಉರಿಯುತ್ತಿವೆ. ಆದರೆ ಸೊಗದಾಳಿನಲ್ಲಿ ಮುಂದೆಂದೂ ಯಾವ ಕೂಸೂ ಹೆಸರಿಲ್ಲದೆ ಉಳಿಯಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು. ಹೊನ್ನವ್ವ ಮೊಮ್ಮಗಳಿಗೆ ತನ್ನ ತಾಯಿ ನಿಂಗವ್ವನ ಹೆಸರಿಟ್ಟಳು. ರಾಜನನ್ನೇ ಬೈದ ಆ ಬಾಯಿ, ಮೊಮ್ಮಗಳನ್ನು ಗದರಬೇಕಾದಾಗ ಮಾತ್ರ ಹೆತ್ತವ್ವನ ಹೆಸರು ನೆನೆದು ಸುಮ್ಮನಾಗುತ್ತಿತ್ತು.