ಕೆರೆದು ತೆಗೆದ ಕಣ್ಣುಗಳು

ತೆಸ್ಸಾ ಮೊಟ್ಟೆ ಒಡೆದು, ಹಳದಿಯನ್ನು ಅಂಗೈಯಿಂದ ಅಂಗೈಗೆ ಉರುಳಿಸುತ್ತ ಲೋಳೆ ಒರೆಸಿದಳು. ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಸೂಜಿಯಿಂದ ಚುಚ್ಚಿದಳು. ಹಳದಿ ಬಟ್ಟಲಿಗಿಳಿಯಿತು. ಖಾಲಿ ಪೊರೆ ಬೆರಳಲ್ಲಿ ನೇತಾಡಿತು.

ಚಿತ್ರಗಾರ ನೋಫ್ರಿ ಅದರಲ್ಲಿ ಬಣ್ಣ ಕಲಸಿದ. ಎದುರಿಗಿದ್ದ ಮರದ ಹಲಗೆ, ತೆಸ್ಸಾಳ ಗಂಡ ಬರೆಯುತ್ತಿದ್ದು ಸಾಯುವಾಗ ಅರ್ಧಕ್ಕೆ ಬಿಟ್ಟ ಇಗರ್ಜಿಯ ಬಲಿಪೀಠದ ಚಿತ್ರ. ಮುಗಿಸಿಕೊಟ್ಟರೆ ನೋಫ್ರಿ ಸಿಯೆನಾ ನಗರ ಬಿಟ್ಟು ತನ್ನ ಊರಿಗೆ ಹೋಗಬಹುದು. ಇಪ್ಪತ್ತು ವರ್ಷ ಸಂತರನ್ನು ಬರೆದು ಬೆನ್ನು ಬಾಗಿತ್ತು. ನೆಟ್ಟಗೆ ಉಳಿದದ್ದು ಕಣ್ಣು ಮಾತ್ರ.

ಮಾತೆ ಮರಿಯಳ ಸುತ್ತ ಚಿನ್ನದ ರೇಕು ಹಚ್ಚಿ ಉಜ್ಜಿ ಆಗಿತ್ತು. ಕೆಳಗೆ, ದೇವದೂತನ ಕಾಲಡಿಯ ಪಿಶಾಚಿಗೆ ಮಾತ್ರ ಕಣ್ಣಿರಲಿಲ್ಲ. ಕೆರೆದ ಜಾಗದಲ್ಲಿ ಬರಿ ಮರ ಕಾಣುತ್ತಿತ್ತು.

"ಅದನ್ನ ಮುಟ್ಬೇಡಿ ನೋಫ್ರಿಯಣ್ಣ," ಎಂದಳು ತೆಸ್ಸಾ. "ನೇಣಿಗೆ ಹಾಕಿದ ಹುಡುಗನೊಬ್ಬನ ಮುಖಾನ ನಮ್ಮ ಯಜಮಾನ್ರು ಪಿಶಾಚಿಗೆ ಬರೆದ್ರು. ಅವನ ತಾಯಿ ಬಂದು ಉಗುರಲ್ಲೇ ಚಿತ್ರದ ಕಣ್ಣು ಕೆರೆದ್ಲು, ಬೆರಳಲ್ಲಿ ರಕ್ತ ಬರೋ ತನಕ. ಏನೋ ಮಂತ್ರ ಹೇಳಿ ಉಗುಳಿದ್ಲು. ಇದಕ್ಕೆ ಕಣ್ಣು ಕೊಡೋನು ತನ್ನದೇ ಕೊಡ್ಲಿ ಅಂದ್ಲು."

"ಕೊಟ್ರಾ, ನಿಮ್ಮೋರು?"

"ಒಂದು ಬರೆದ್ರು. ಅವತ್ತೇ ಮೆಟ್ಟಿಲು ಕಾಣದೆ ಉರುಳಿ ತೀರ್ಕೊಂಡ್ರು. ನಾನೇ ಅದನ್ನ ಕೆರೆದು ಹಾಕ್ದೆ."

"ಕುರುಡು ಪಿಶಾಚೀನ ಪಾದ್ರಿಗಳು ಒಪ್ತಾರಾ? ನಂಗೆ ಮಾಟಕ್ಕಿಂತ ಸೊಂಟನೋವಿನ ಭಯ ಜಾಸ್ತಿ, ತಂಗಿ. ನಾಳೆಗೆ ಪೇಟೆ ಕೋಳಿ ಮೊಟ್ಟೆ ಇಡು."

"ಪಿಶಾಚಿಗೆ ಹಳ್ಳಿ ಕೋಳೀದಲ್ವಾ? ಕೆಂಪು ಹಳದಿ?"

"ಹುಡುಗ ಅಂದ್ಯಲ್ಲ. ಎಳೇ ಮುಖಕ್ಕೆ ತೆಳು ಹಳದೀನೇ. ಜೀವ ಬರ್ಬೇಕು."

ಕೆರೆದ ಜಾಗಕ್ಕೆ ನೋಫ್ರಿ ಬಿಳಿ ಲೇಪ ತುಂಬಿದ. ಮರುದಿನ ಮಧ್ಯಾಹ್ನ, ತೆರೆದ ಕಿಟಕಿಯ ಬಿಸಿಲಲ್ಲಿ ಕುಂಚ ಹಿಡಿದ.

ಪಿಶಾಚಿಯ ಎಡಗಣ್ಣು ಮುಗಿಯಿತು. ಬಿಸಿಲು ಮಸುಕಾಯಿತು. ಮೋಡವಿರಬೇಕು ಎಂದುಕೊಂಡ. ಬಟ್ಟಲಿನಿಂದ ಕೊಳೆತ ನಾತ ಬಂತು; ಮೊಟ್ಟೆ ಆಗಷ್ಟೇ ಒಡೆದದ್ದು. ಹಲಗೆಯ ಒಳಗಿನಿಂದ ಸದ್ದು. ಕರ್, ಕರ್. ಉಗುರು.

ನಿಲ್ಲಿಸುವುದಕ್ಕೂ ತ್ರಾಣ ಬೇಕು. ಅವನಲ್ಲಿರಲಿಲ್ಲ. ಬಲಗಣ್ಣಿಗೆ ಒಂದೇ ಚುಕ್ಕೆ ಉಳಿದಿತ್ತು. ಊರಿಗೆ ಒಂದೇ ಚುಕ್ಕೆ ದೂರ.

ಇಟ್ಟ.

ಸದ್ದು ನಿಂತಿತು. ಕೆನ್ನೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಜಿಗುಟು. ಹಳದಿ ಸಿಡಿದಿರಬೇಕು. ತೋಳಿನಿಂದ ಒರೆಸಿಕೊಂಡ.

ಬಾಗಿಲಲ್ಲಿ ತೆಸ್ಸಾ ನಿಂತಿದ್ದಳು. ಹಲಗೆಯ ಮೂಲೆಯಿಂದ ಎರಡು ಕಂದು ಕಣ್ಣುಗಳು ಅವಳತ್ತ ಹೊರಳಿದವು. ಒದ್ದೆಯಾದ, ದಣಿದ ಕಣ್ಣುಗಳು. ಹನ್ನೆರಡು ದಿನ ಅವಳೆದುರು ಕೂತು ಸೂಪು ಕುಡಿದವನ ಕಣ್ಣುಗಳು. ಸ್ಟೂಲಿನ ಮೇಲಿದ್ದವನ ರೆಪ್ಪೆಗಳಡಿ ಎರಡು ಖಾಲಿ ಪೊರೆಗಳು ನೇತಾಡುತ್ತಿದ್ದವು.

ಅವಳು ಹಿಂದೆ ಸರಿದಾಗ ಬೆನ್ನು ಬಾಗಿಲಿಗೆ ತಾಗಿ ಸದ್ದಾಯಿತು.

"ಯಾರು, ತಂಗೀನಾ?" ನೋಫ್ರಿ ಮೆಲ್ಲಗೆ ಕೇಳಿದ. "ಕತ್ತಲಾಗೋಯ್ತು ನೋಡು. ಆ ಕಿಟಕಿ ಒಂಚೂರು ತೆರಿ."