ಪ್ರಾರ್ಥನೆಯ ಲೋಟ

2024ರ ಜೂನ್ 11, ಮಂಗಳವಾರ, ಬೆಳಗ್ಗೆ 6 ಗಂಟೆ 40 ನಿಮಿಷ. ರಾಯಪುರಂನ ಎರಡು ಕೋಣೆಯ ಮನೆಯಲ್ಲಿ ಪ್ರಮೋದ್ ತೂಕದ ಯಂತ್ರದ ಮೇಲೆ ನಿಂತಿದ್ದ. 61.7 ಕಿಲೋ. ಶನಿವಾರ ಡಯಾಲಿಸಿಸ್ ಮುಗಿಸಿ ಬಂದಾಗ 58 ಇತ್ತು. ಮೂರೇ ದಿನಕ್ಕೆ ಮೂರು ಕಿಲೋ ಏಳುನೂರು ಗ್ರಾಂ ನೀರು!

ಹೆಂಡತಿ ಸುಮತಿ ಆ ಅಂಕಿಯನ್ನು ನೋಡುತ್ತಲೇ ನಿಂತಳು. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ದಿನವಿಡೀ ಅಳೆಯುವವಳು, ಮನೆಯಲ್ಲೂ ಗಂಡನಿಗೆ ದಿನಕ್ಕೆ 750 ಮಿಲಿಲೀಟರ್ ನೀರನ್ನು ಬಾಟಲಿಯಲ್ಲಿ ಅಳೆದು ಕೊಡುತ್ತಿದ್ದಳು. ಕಾಫಿ, ಸಾರು ಎಲ್ಲವೂ ಅದರಲ್ಲೇ ಸೇರಿ. ಆದರೂ ಏಪ್ರಿಲ್‌ನಿಂದ ತೂಕ ಏರುತ್ತಲೇ ಇತ್ತು. ಮೇ ತಿಂಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಅವನು ಸಾಯುವಂತಾಗಿದ್ದ. ಇನ್ನೊಮ್ಮೆ ಹಾಗಾದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು.

ಆಫೀಸಿನಲ್ಲಿ ಕದ್ದು ಕುಡಿಯುತ್ತೀರಾ ಎಂದು ಅವಳು ಕೇಳಿದಳು. ಅವನು ತಲೆ ತಗ್ಗಿಸಿದ. ಅತ್ತೆ ಕೃಪಾಮಣಿ ಅಡಿಗೆಮನೆಯಿಂದಲೇ ಚುಚ್ಚಿದರು. "ಕಟ್ಕೊಂಡ ಗಂಡನಿಗೇ ತಣ್ಣಿ ಅಳೆದು ಕೊಡೋ ಮಹಾರಾಯ್ತಿ ನೀನು. ವಿಶ್ವಾಸ ಇದ್ದಿದ್ರೆ ಬಾಟಲಿ ಯಾಕೆ ಬೇಕಿತ್ತು?"

ಒಂಬತ್ತು ವರ್ಷದಿಂದ ಕೇಳಿ ಅಭ್ಯಾಸವಾದ ಮಾತು. ಸುಮತಿ ಬಟ್ಟೆ ಬದಲಿಸಲು ಹೋದಳು. ಕೆಳಗೆ ಆಟೋ ಬಂದಿತ್ತು. ಆಸ್ಪತ್ರೆಯ ಫೈಲ್ ತರಲು ಅತ್ತೆಯ ಕೋಣೆಯ ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು...

ಕೃಪಾಮಣಿ ಕಣ್ಣುಮುಚ್ಚಿ, ನೀರು ತುಂಬಿದ ಸ್ಟೀಲ್ ಲೋಟದ ಮೇಲೆ ಅಂಗೈಯಿಟ್ಟು ಪ್ರಾರ್ಥಿಸುತ್ತಿದ್ದರು. ಎದುರಿಗೆ ಪ್ರಮೋದ್ ಮಂಡಿಯೂರಿದ್ದ. "ಆಮೆನ್" ಎಂದವನೇ ಲೋಟಕ್ಕೆ ಕೈ ಚಾಚಿದ. ದಿನಾ ಬೆಳಗ್ಗೆ, ಸಂಜೆ ಹೀಗೇ ನಡೆಯುತ್ತಿತ್ತೆಂದು ಅವನ ಮುಖವೇ ಹೇಳಿತು.

"ಇದು ನೀರಲ್ಲಮ್ಮ, ನನ್ನ ಪ್ರಾರ್ಥನೆ," ಎಂದರು ಅತ್ತೆ. "ಗುಣವಾದ್ರೆ ಕರ್ತನ ಆಶೀರ್ವಾದ. ನರಳಿಸಿದ್ರೂ ಅದರಲ್ಲಿ ಆತನದೊಂದು ಉದ್ದೇಶ ಇರುತ್ತೆ. ನಿನ್ನ ಬಾಟಲಿಯಲ್ಲಿ ಏನಿದೆ?"

ಸುಮತಿ ಗಂಡನನ್ನು ನೋಡಿದಳು. "ನಿಮಗೆ ಗೊತ್ತಿತ್ತಲ್ರೀ..."

"ಅಮ್ಮನ ಕಿಡ್ನಿ ಬೇಡ ಅಂದ್ರು ಡಾಕ್ಟರು, ಶುಗರ್ ಇದೆ ಅಂತ," ಎಂದ ಅವನು ಮೆಲ್ಲಗೆ. "ಇದನ್ನೂ ನಾನು ಬೇಡ ಅಂದ್ರೆ ಅವರ ಕೈಯಲ್ಲಿ ಕೊಡೋಕೆ ಏನು ಉಳಿಯುತ್ತೆ ಸುಮತಿ?"

ಅವಳು ಲೋಟವನ್ನು ತೆಗೆದುಕೊಂಡು ನೀರನ್ನು ಅಳತೆಯ ಬಾಟಲಿಗೆ ಸುರಿದಳು. 250. ದಿನಕ್ಕೆ ಎರಡು ಸಲ. ಮೂರು ದಿನಕ್ಕೆ ಒಂದೂವರೆ ಲೀಟರ್. ಮೂತ್ರವೇ ಹೋಗದ ದೇಹದಲ್ಲಿ ಅಷ್ಟೂ ಉಳಿಯುತ್ತದೆ ಎಂದು ಅತ್ತೆಗೆ ತಿಳಿಸಿ ಹೇಳಿದಳು. ದನಿ ಏರಿಸಲಿಲ್ಲ. ಕೃಪಾಮಣಿಯವರು ಬಾಟಲಿಯ ಗೆರೆಯನ್ನೇ ನೋಡುತ್ತಾ ಮಂಚದ ಮೇಲೆ ಕುಸಿದರು.

"ಹಾಗಾದ್ರೆ ಮೇ ತಿಂಗಳಲ್ಲಿ ಅವನಿಗೆ ಉಸಿರು ಕಟ್ಟಿದ್ದು... ನನ್ನಿಂದಲೇನಮ್ಮ?"

ಹೌದು ಎಂಬ ಒಂದು ಮಾತು ಸಾಕಿತ್ತು. ಒಂಬತ್ತು ವರ್ಷಗಳ ನೋವೆಲ್ಲ ಆ ಮಾತಿನಲ್ಲಿ ತೀರಿಹೋಗುತ್ತಿತ್ತು. ಇಂಥ ಸಂಕಟದ ಹಿಂದೆ ಯಾವ ಉದ್ದೇಶವಿದೆಯೋ ಸುಮತಿಗೆ ತಿಳಿಯದು. ಮಗನನ್ನು ಉಳಿಸಲು ಹೊರಟ ತಾಯಿಯ ಕೈಯಿಂದಲೇ ಇದನ್ನು ಮಾಡಿಸಿದ ದೇವರನ್ನು ಹೇಗೆ ಕೇಳುವುದೋ ಅದೂ ತಿಳಿಯದು. ಎಂದೂ ಒಂದು ಅಂಕಿಯನ್ನೂ ತಪ್ಪು ಹೇಳದವಳು ಮುದುಕಿಯ ತಣ್ಣಗಾದ ಕೈ ಹಿಡಿದಳು.

"ಇಲ್ಲ ಅತ್ತೆ. ಅದು ಎದೆಯ ಸೋಂಕಿನಿಂದ ಆಗಿದ್ದು."

ಕೃಪಾಮಣಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದರು. ನಂಬಿದರೋ ಇಲ್ಲವೋ... ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ಅಂದು ಸಂಜೆ ಡಯಾಲಿಸಿಸ್‌ನಿಂದ ಬಸವಳಿದು ಬಂದ ಪ್ರಮೋದ್ ಪ್ರಾರ್ಥನೆಗೆ ಕೂತಾಗ ಅತ್ತೆ ಲೋಟ ತರಲಿಲ್ಲ. ಕೆಮ್ಮಿನ ಔಷಧಿ ಬಾಟಲಿಯ ಪುಟ್ಟ ಮುಚ್ಚಳವನ್ನು ತೊಳೆದು, ಹಿಂಜರಿಯುತ್ತ ಸೊಸೆಯ ಮುಂದೆ ಹಿಡಿದರು. "ಇಷ್ಟು... ಇಷ್ಟಾದ್ರೂ ಕೊಡಬಹುದಾ ಸುಮತಿ?"

ಸುಮತಿ ತಾನೇ ಗೆರೆಯವರೆಗೆ ನೀರು ತುಂಬಿಸಿ ಅವರ ಕೈಗಿಟ್ಟಳು. ಆಮೇಲೆ ಗಂಡನ ನೀರಿನ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಅಂದಿನ ಪುಟ ತೆರೆದು ಬರೆದುಕೊಂಡಳು: ಪ್ರಾರ್ಥನೆ, 5 ಮಿಲಿಲೀಟರ್.